ಹುಲಿಗೆಮ್ಮಳ ಹೆಸರನ್ನು ಹಾಜರಿಯಲ್ಲಿ ಮುಂದುವರಿಸಿರುವ ಕುರಿತು

ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಯಲಬುರ್ಗಾದ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಕೆಲಸ ನಿರ್ವಹಿಸುತ್ತಿದ್ದೇನೆ. ಕಚೇರಿಯ ಪತ್ರಗಳನ್ನು ಹೊರತುಪಡಿಸಿ ಇದುವರೆಗೆ ಏನನ್ನೂ ಬರೆದವಳಲ್ಲ. ಈ ಬರಹದಲ್ಲಿ ಪತ್ರದ ಧಾಟಿ ಕಂಡುಬಂದಲ್ಲಿ ದಯವಿಟ್ಟು ಮನ್ನಿಸಬೇಕು. ಆ ಧಾಟಿಯ ಆಸರೆ ಇಲ್ಲದೆ ಈ ವಿಷಯವನ್ನು ಬರೆಯುವ ಧೈರ್ಯ ನನಗೆ ಬರುತ್ತಿಲ್ಲ.

ಕಳೆದ ಶನಿವಾರ ಕಚೇರಿಯ ಕೆಲಸ ಮುಗಿಸಿ, ಕುಷ್ಟಗಿಯಲ್ಲಿ ಬಸ್ಸು ಬದಲಿಸಿ, ಸ್ವಂತ ಊರಾದ ಹನುಮಸಾಗರಕ್ಕೆ ಪ್ರಯಾಣಿಸುತ್ತಿದ್ದೆ. ಮಿರಗದ, ಅಂದರೆ ಮೃಗಶಿರಾ ಮಳೆಯ, ಮೋಡ ಕಟ್ಟಿ ಗಾಳಿ ನಿಂತುಹೋಗಿತ್ತು. ಊರು ಹತ್ತಿರವಾಗುತ್ತಿದ್ದಾಗ ಹೊಲದ ಬದಿಯಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬರು ನನ್ನ ಪಕ್ಕದಲ್ಲಿ ಕುಳಿತರು. ಅವರ ಕೈಗಳು ಮುಂಗೈತನಕ ಹಸಿರುಗಪ್ಪಾಗಿದ್ದವು. ಕುಳಿತ ಕೂಡಲೇ ಆ ವಾಸನೆ ಬಂತು. ಟೊಮೇಟೊ ಹಣ್ಣಿನ ವಾಸನೆ ಅಲ್ಲ, ಎಲೆಯ ವಾಸನೆ. ಕಹಿ, ಸ್ವಲ್ಪ ಖಾರ, ಮೂಗಿನ ಹಿಂಭಾಗದಲ್ಲಿ ಹೋಗಿ ಕುಳಿತುಕೊಳ್ಳುವಂಥದ್ದು.

"ಕ್ರಾಸಿಂಗಿಗೆ ಹೋಗ್ತೀರೇನ್ರಿ?" ಎಂದು ಕೇಳಿದೆ.

ಅವರು ಕೈಗಳನ್ನು ಸೆರಗಿನಡಿ ಮುಚ್ಚಿಕೊಂಡರು. "ಹೂಂ ರಿ. ವಾಸ್ನಿ ಬರಾಕತ್ತೈತೇನ್ರಿ? ಹಿಂದ ಹೋಗಿ ಕುಂದರ್ಲೇನು?"

"ಬ್ಯಾಡ್ರಿ. ಇಲ್ಲೇ ಕುಂದರ್ರಿ."

ಅವರು ಇಳಿದುಹೋಗುವುದು ನನಗೆ ಬೇಡವಾಗಿತ್ತು. ಆ ವಾಸನೆ ನನ್ನನ್ನು ದ್ವಿತೀಯ ಪಿಯುಸಿ ಮುಗಿಸಿದ ವರ್ಷದ ಮಿರಗದ ಮಳೆಗೆ ಕರೆದುಕೊಂಡು ಹೋಗಿತ್ತು. ಸದರಿ ಮಳೆಗಾಲದ ವಿವರವನ್ನು ಈ ಕೆಳಗೆ ಸಲ್ಲಿಸುತ್ತಿದ್ದೇನೆ.

ಮೊದಲಿಗೆ ಈ ಕೆಲಸದ ಬಗ್ಗೆ ತಿಳಿಸುವುದು ಅಗತ್ಯವೆಂದು ಭಾವಿಸುತ್ತೇನೆ. ನಮ್ಮ ಸುತ್ತಿನ ಹೊಲಗಳಲ್ಲಿ ಬಲೆ ಹೊದಿಸಿದ ದೊಡ್ಡ ಚಪ್ಪರಗಳಿವೆ. ಅವನ್ನು ಎಲ್ಲರೂ ನೆಟ್ ಎಂದೇ ಕರೆಯುತ್ತಾರೆ. ಅದರೊಳಗೆ ಬೆಳೆಯುವುದು ಅಡುಗೆಯ ಟೊಮೇಟೊ ಅಲ್ಲ, ಬೀಜದ ಟೊಮೇಟೊ. ಎರಡು ತಳಿಗಳನ್ನು ಕೈಯಿಂದಲೇ ಕೂಡಿಸಬೇಕು. ಮಧ್ಯಾಹ್ನದ ನಂತರ, ಮರುದಿನ ಅರಳಲಿರುವ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಗಂಡು ಭಾಗವನ್ನು ತೆಗೆಯಬೇಕು. ಹೆಣ್ಣು ಭಾಗಕ್ಕೆ ಗಾಯವಾಗಬಾರದು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಿ, ಗುರುತಿಗಾಗಿ ತೊಟ್ಟಿನ ಎರಡು ಹಸಿರು ಎಸಳುಗಳನ್ನು ಕತ್ತರಿಸಬೇಕು. ಆ ಪುಡಿಯನ್ನು ಪುಟ್ಟ ಬಟ್ಟಲಿನಂತಹ ಪ್ಲಾಸ್ಟಿಕ್ ಉಂಗುರದಲ್ಲಿ ತುಂಬಿ ಬೆರಳಿಗೆ ಹಾಕಿಕೊಂಡಿರುತ್ತಾರೆ. ಇದಕ್ಕೆ ಕ್ರಾಸಿಂಗ್ ಎಂದು ಹೆಸರು. ಇಂದು ಬಿಡಿಸಿದ ಮೊಗ್ಗು ಯಾರ ಅನುಕೂಲಕ್ಕೂ ಕಾಯುವುದಿಲ್ಲವಾದ್ದರಿಂದ ಒಬ್ಬೊಬ್ಬಳಿಗೆ ಇಂತಿಷ್ಟು ಸಾಲು ಎಂದು ವಹಿಸಿಕೊಡುತ್ತಾರೆ. ಹಂಗಾಮು ಮುಗಿಯುವವರೆಗೆ ಆ ಸಾಲು ಅವಳ ಕೈಯದು. ನಡುವೆ ಬಿಟ್ಟುಹೋದವಳನ್ನು 'ಸಾಲು ಬಿಟ್ಟಾಕಿ' ಎನ್ನುತ್ತಾರೆ. ಆ ಹೆಸರು ಬಂದ ಮನೆಯ ಹೆಂಗಸರನ್ನು ಮುಂದಿನ ಹಂಗಾಮಿಗೆ ಯಾವ ನೆಟ್‌ನವರೂ ಕರೆಯುವುದಿಲ್ಲ.

ಹುಲಿಗೆಮ್ಮ ನನ್ನ ಸಹಪಾಠಿ. ಅವಳೂ ಅವಳ ತಾಯಿ ದುರುಗವ್ವನೂ ಊರಾಚೆ ಸಂಗಪ್ಪಣ್ಣನವರ ನೆಟ್‌ನಲ್ಲಿ ಕ್ರಾಸಿಂಗ್ ಮಾಡುತ್ತಿದ್ದರು. ನನ್ನದು ಕಿರಾಣಿ ಅಂಗಡಿಯ ಮನೆ. ಹೊಲದ ಕೆಲಸ ನನಗೆ ತಿಳಿದಿರಲಿಲ್ಲ. ಅವಳು ನನ್ನನ್ನು "ಗಲ್ಲಾಪೆಟಗಿ ಬಸಮ್ಮ" ಎಂದು ಕರೆಯುತ್ತಿದ್ದಳು.

ನಮ್ಮಿಬ್ಬರನ್ನೂ ಸೇರಿಸಿ ಊರಿನ ಕೆಲವು ಹುಡುಗಿಯರಿಗೆ ಭಾನುವಾರದ ತರಗತಿಯೊಂದು ನಡೆಯುತ್ತಿತ್ತು. ಪಿಯುಸಿಗೆ ಓದು ನಿಲ್ಲಿಸುವ ಹುಡುಗಿಯರನ್ನು ಪದವಿ ಕಾಲೇಜಿನ ಬಾಗಿಲವರೆಗೆ ಕೈಹಿಡಿದು ಕರೆದೊಯ್ಯುವುದು ಅದರ ಉದ್ದೇಶವಾಗಿತ್ತು. ಒಂದು ಸಂಸ್ಥೆಯವರು ಅದಕ್ಕಾಗಿ ಶಾಂತಕ್ಕ ಎಂಬವರನ್ನು ನಿಯೋಜಿಸಿದ್ದರು. ಅವರು ಗಂಗಾವತಿ ಕಡೆಯವರು, ಎಂ.ಎ. ಓದಿದವರು, ನಮಗಿಂತ ಏಳೆಂಟು ವರ್ಷ ದೊಡ್ಡವರು. ಪ್ರೌಢಶಾಲೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಬೆಳಗಿನ ಹೂವಿನ ಕೆಲಸ ಮುಗಿದು ಮಧ್ಯಾಹ್ನದ ಮೊಗ್ಗಿನ ಕೆಲಸ ಆರಂಭವಾಗುವ ನಡುವಿನ ಹೊತ್ತೇ ತರಗತಿಯ ಹೊತ್ತು.

ತರಗತಿಯನ್ನು ಶಾಂತಕ್ಕ ಯಾವಾಗಲೂ ಹಾಜರಿಯಿಂದ ಆರಂಭಿಸುತ್ತಿದ್ದರು. ಪುಸ್ತಕವಿರಲಿಲ್ಲ. ಹೆಸರುಗಳು ಅವರ ಬಾಯಲ್ಲೇ ಇದ್ದವು. ಮೊದಲ ಭಾನುವಾರ ಹುಲಿಗೆಮ್ಮಳ ಹೆಸರು ಕರೆದಾಗ ಯಾರೋ "ಬಂದಿಲ್ರೀ ಅಕ್ಕಾರ" ಎಂದರು.

"ಬಂದಿಲ್ಲ ಅನ್ನೋದು ನನಗೂ ಕಾಣಾಕತ್ತೈತಿ. ಎಲ್ಲಿ ಅದಾಳ? ಯಾವಾಗ ಬರ್ತಾಳ? ಅದನ್ನ ಹೇಳ್ರಿ."

ನಾವು ದಾರಿಯ ಕಡೆ ಕತ್ತು ಚಾಚಿ ನೋಡಿದೆವು.

"ನೋಡ್ರಮ್ಮಾ," ಎಂದರು ಶಾಂತಕ್ಕ. "ಬಂದಿಲ್ಲ, ಬಂದಿಲ್ಲ ಅಂತ ಹೇಳಿ ಹೇಳೇ ಎಷ್ಟೋ ಹುಡುಗ್ಯಾರ್ನ ನಾವು ಕಳಕೊಂಡೀವಿ. ನನ್ನ ತರಗತಿಯೊಳಗ ಆ ಮಾತು ಇಲ್ಲ. ಒಬ್ಬಾಕಿ ಬರಲಿಲ್ಲಂದ್ರ ಉಳಿದಾಕಿ ಹೇಳಬೇಕು, ಎಲ್ಲಿ ಹೋಗ್ಯಾಳ, ಯಾವಾಗ ಬರ್ತಾಳ. ಅಷ್ಟು ಗೊತ್ತಿದ್ರ ಆಕಿ ಇನ್ನೂ ನಮ್ಮಾಕಿ."

ಅಷ್ಟರಲ್ಲಿ ಹುಲಿಗೆಮ್ಮ ಬಂದಳು. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚುತ್ತಾ, ಬೆರಳಲ್ಲಿ ಉಂಗುರ ಹಾಗೆಯೇ ಇಟ್ಟುಕೊಂಡು, ಮೆಟ್ಟಿಲ ಮೇಲೆ ನಿಂತಳು.

"ಯಾಕ ತಡಾ?"

"ಅಲ್ಲಿ ಹೂವು ಹಾಜರಿ ತಗೋತಾವ್ರೀ ಅಕ್ಕಾರ. ಹೊತ್ತ ಏರಿದ್ರ ಗೈರು ಹಾಕ್ತಾವ."

ಎಲ್ಲರೂ ನಕ್ಕರು. ಹಿಂದೆ ಕುಳಿತವಳೊಬ್ಬಳು, "ಉಂಗುರಾ ಯಾರ್ ಹಾಕ್ಯಾರಬೇ? ನಮಗ ಊಟಾನ ಇಲ್ಲಲ್ಲ!" ಎಂದಳು.

"ಟಮಾಟಿ ಜೋಡಿ ಲಗ್ನ ಆಗೇತಿ. ಊಟಕ್ಕ ಬಾ, ಸಾರು ಒಂದ ಐತಿ."

ಶಾಂತಕ್ಕ ಮುಖ ಬಿಗಿದುಕೊಳ್ಳಲು ಯತ್ನಿಸಿ ವಿಫಲರಾದರು. ಅಂದಿನಿಂದ ನಮ್ಮ ಹಾಜರಿಯಲ್ಲಿ ಅತಿ ಹೆಚ್ಚು ಕೇಳಿಬಂದ ಉತ್ತರವೆಂದರೆ "ಕ್ರಾಸಿಂಗಿಗೆ ಹೋಗ್ಯಾಳ್ರಿ, ಬರ್ತಾಳ್ರಿ" ಎಂಬುದೇ. ಹಾಗೆಂದವರ ಹಿಂದೆಯೇ ಹಸಿರು ಕೈಯ ಹುಡುಗಿಯರು ಬರುತ್ತಲೂ ಇದ್ದರು.

ಹುಲಿಗೆಮ್ಮಳಿಗೆ ಬಿ.ಎಸ್ಸಿ. ಓದಬೇಕೆಂಬ ಆಸೆ ಇತ್ತು. ಅದಕ್ಕೆ ಕಾರಣ ಒಂದು ಪ್ರಶ್ನೆ. ಒಮ್ಮೆ ಅವಳು ನೆಟ್‌ನ ಹಣ್ಣೊಂದರ ಬೀಜ ತಂದು ಮನೆಯ ಬಚ್ಚಲ ಬದಿಗೆ ಹಾಕಿದ್ದಳಂತೆ. ಗಿಡಗಳು ಬಂದವು. ಆದರೆ ಒಂದರ ಕಾಯಿ ಉದ್ದ, ಒಂದರದು ಗುಂಡಗೆ, ಒಂದು ಗಿಡ ಕಾಯಿಯನ್ನೇ ಬಿಡಲಿಲ್ಲ. "ಎಲ್ಲಾ ಒಂದ ಹಣ್ಣಿನ ಬೀಜ. ಕೂಡಿಸಿದ್ದೂ ನಾನ. ಹಂಗಾದ್ರ ಒಂದರಂಗ ಒಂದು ಯಾಕ ಬರಲಿಲ್ಲ?" ಎಂದು ಅವಳು ಸಂಗಪ್ಪಣ್ಣನವರನ್ನೂ, ಬೀಜ ಒಯ್ಯಲು ಬರುವವರನ್ನೂ ಕೇಳಿದ್ದಳು. "ನಿನಗ್ಯಾಕಬೇ ಅದು" ಎಂಬುದೇ ಉತ್ತರವಾಗಿತ್ತು. ಶಾಂತಕ್ಕನನ್ನು ಕೇಳಿದಾಗ ಅವರು, "ನಂದು ಕನ್ನಡ ಎಂ.ಎ. ಅಮ್ಮಾ. ನನಗ ಗೊತ್ತಿಲ್ಲ. ಕಾಲೇಜಿನಾಗ ಹೇಳ್ತಾರ, ಹೋಗಿ ಕೇಳಿ ಬಾ, ನನಗೂ ಹೇಳು" ಎಂದರು. ಆಗ ಅವಳ ಮುಖ ಹೇಗೆ ಅರಳಿತೆಂಬುದು ನನಗೆ ಇಂದಿಗೂ ನೆನಪಿದೆ.

ನನ್ನ ಪ್ರಕರಣ ಬೇರೆಯದು. ನಮ್ಮಪ್ಪ ಗಂಗಾವತಿಗೆ ಒಬ್ಬಳನ್ನೇ ಕಳಿಸಲು ಒಪ್ಪಿರಲಿಲ್ಲ. "ದುರುಗವ್ವನ ಮಗಳು ಹೋದ್ರ ನೀನೂ ಹೋಗು. ಆಕಿ ಗಟ್ಟಿ ಅದಾಳ. ನೀ ಒಬ್ಬಾಕಿ ಅಂದ್ರ ಬಸ್ ಸ್ಟ್ಯಾಂಡಿನಾಗ ಅಳಕೋತ ನಿಂದರ್ತಿ" ಎಂದಿದ್ದರು. ಅದು ನಿಜವೂ ಆಗಿತ್ತು. ಆದ್ದರಿಂದ ಅವಳು ಕಾಲೇಜಿಗೆ ಹೋಗುವಳೋ ಇಲ್ಲವೋ ಎಂಬುದರ ಮೇಲೆ ನಾನು ಹೋಗುವುದೂ ನಿಂತಿತ್ತು.

ಫಲಿತಾಂಶ ಬಂತು. ಇಬ್ಬರೂ ಪಾಸಾದೆವು. ಪ್ರವೇಶಕ್ಕೆ ಕೊನೆಯ ದಿನಾಂಕವೂ ಪ್ರಕಟವಾಯಿತು. ಆ ದಿನಗಳಲ್ಲೇ ಸಂಗಪ್ಪಣ್ಣನವರ ನೆಟ್‌ನಲ್ಲಿ ಹೂವು ಮಿತಿಮೀರಿ ಬಂದಿತ್ತು. ವಿದ್ಯಾರ್ಥಿನಿಯೇ ಖುದ್ದು ಹಾಜರಾಗಬೇಕೆಂಬ ನಿಯಮವಿದ್ದುದರಿಂದ ಒಂದು ಇಡೀ ದಿನ ಬೇಕಾಗಿತ್ತು. ದುರುಗವ್ವ ಮೊದಲು ಬೇಡವೆಂದಳು. ಅವಳಿಗೆ ಮಗಳ ಓದಿನ ಮೇಲೆ ಸಿಟ್ಟಿರಲಿಲ್ಲ, ಆ ಹೆಸರಿನ ಭಯವಿತ್ತು.

"ನಾಳಿ ಈಕಿ ಕಾಲೇಜಿಗೆ ಹೋಗ್ತಾಳ್ರಿ, ಹೋಗ್ಲಿ. ಹಿಂದ ಉಳಿಯಾಕಿ ನಾನು. 'ಸಾಲು ಬಿಟ್ಟಾಕಿ ತಾಯಿ ಬಂದ್ಲು' ಅಂತ ಗೇಟಿನಾಗ ನಿಂದರಸ್ತಾರ."

"ನೀವ ಆಕಿ ಸಾಲೂ ನೋಡಾಕ ಆಗೂದಿಲ್ಲೇನವ್ವಾ?" ಎಂದು ಶಾಂತಕ್ಕ ಕೇಳಿದರು.

"ನನ್ನ ಸಾಲು ಮುಗಸೂದ್ರಾಗ ಹೊತ್ತ ಏರಿರ್ತೈತ್ರಿ. ಹೂವಿಗೇನು ನನ್ನ ಮಗಳ ಕಾಲೇಜು ಗೊತ್ತೈತೇನು?"

ಶಾಂತಕ್ಕ, "ಹಂಗಾದ್ರ ಆ ದಿನ ಆಕಿ ಸಾಲಿಗೆ ನಾ ನಿಂದರ್ತೀನಿ" ಎಂದರು.

ದುರುಗವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಹುಲಿಗೆಮ್ಮ ನಗಲಿಲ್ಲ. ಶಾಂತಕ್ಕನ ಬಲಗೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿ, "ಕಲಸ್ಬಹುದು" ಎಂದು ತೀರ್ಮಾನ ಕೊಟ್ಟಳು.

ಹಿಂದಿನ ದಿನ ಮಧ್ಯಾಹ್ನ ನೆಟ್‌ನಲ್ಲಿ ತರಬೇತಿ ನಡೆಯಿತು. ನಾನೂ ಹೋಗಿದ್ದೆ. ಒಳಗೆ ಗಾಳಿಯಾಡುತ್ತಿರಲಿಲ್ಲ. ಬಲೆಯ ನೆರಳು ಎಲ್ಲರ ಮುಖದ ಮೇಲೂ ಸಣ್ಣ ಸಣ್ಣ ಚೌಕಗಳಾಗಿ ಬಿದ್ದಿತ್ತು. ಶಾಂತಕ್ಕ ಮೊದಲ ಮೊಗ್ಗನ್ನು ಚಿಮಟದಲ್ಲಿ ಹಿಡಿದರು. ಅದು ಬುಡಸಹಿತ ಕಿತ್ತು ಬಂತು.

"ಎಂ.ಎ. ಮುರದ ಬಿತ್ರೀ ಅಕ್ಕಾರ," ಎಂದಳು ಹುಲಿಗೆಮ್ಮ. "ಎತ್ತಬ್ಯಾಡ್ರಿ. ಸುಲೀರಿ. ಮಲಗಿದ ಕೂಸಿನ ಕಿವಿಯಾಗಿಂದ ಓಲಿ ತೆಗದಂಗ."

ಸಂಜೆಯ ಹೊತ್ತಿಗೆ ಶಾಂತಕ್ಕನ ಕೈಗೆ ಕೆಲಸ ಹತ್ತಿತು. ಸಂಗಪ್ಪಣ್ಣನವರು ಬಂದು, ಗಿಡ ಗಿಡ ಬಗ್ಗಿ ನೋಡಿ, "ಒಂದ ದಿನ ಅಷ್ಟ. ಮೋಡ ಗುಡುಗಿದ್ರ ಎಲ್ಲಾರಂಗ ಪಂಪಿನ ಮನಿಗೆ ಓಡಿ ಬರಬೇಕು, ಮ್ಯಾಡಂ ಅಂತ ಛತ್ರಿ ಹಿಡಕೊಂಡು ನಿಂದರಬ್ಯಾಡ್ರಿ" ಎಂದರು. ಅವರು ಒಳ್ಳೆಯವರೇ. ಗುಡುಗು ಕೇಳಿದರೆ ಕೆಲಸ ನಿಲ್ಲಿಸಿ ಎಲ್ಲರನ್ನೂ ಹೊರಗೆ ಕರೆಯುವುದು ಅವರ ಕಟ್ಟುನಿಟ್ಟಿನ ಪದ್ಧತಿಯಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ.

ಮರುದಿನ ಶಾಂತಕ್ಕ ಹುಲಿಗೆಮ್ಮಳ ಸಾಲಿನಲ್ಲಿ ನಿಂತರು. ನಾವಿಬ್ಬರೂ ನಮ್ಮಪ್ಪನೊಂದಿಗೆ ಮೊದಲ ಬಸ್ಸು ಹಿಡಿದೆವು. ಕುಷ್ಟಗಿ, ತಾವರಗೇರಾ ದಾಟುವವರೆಗೆ ಹುಲಿಗೆಮ್ಮ ಕಿಟಕಿಯ ಹೊರಗೇ ನೋಡುತ್ತಿದ್ದಳು. ಗಂಗಾವತಿ ಸಮೀಪಿಸುತ್ತಿದ್ದಂತೆ ಅಕ್ಕಿ ಗಿರಣಿಗಳ ವಾಸನೆ ಬಂತು. "ಊರಿಗೆಲ್ಲಾ ಒಂದ ಸಲ ಅನ್ನಾ ಕುದ್ಯಾಕತ್ತೈತಿ ನೋಡಬೇ," ಎಂದು ನನ್ನ ಮೊಣಕೈ ಹಿಂಡಿದಳು. ಬಸ್ಸು ನಿಲ್ಲುವವರೆಗೆ ಆ ಹಿಡಿತ ಬಿಡಲಿಲ್ಲ. ಗಟ್ಟಿ ಎನಿಸಿಕೊಂಡವಳಿಗೂ ಭಯವಿದೆ ಎಂದು ತಿಳಿದು ನನಗೆ ಸಮಾಧಾನವಾಯಿತು.

ಕಾಲೇಜಿನ ಕಿಟಕಿಯ ಹಿಂದೆ ಕುಳಿತಿದ್ದ ಗುಮಾಸ್ತರು ಸಹಿಗಾಗಿ ಕಾಗದ ಸರಿಸಿದವರು ಅವಳ ಕೈ ನೋಡಿ ಹಿಂದಕ್ಕೆಳೆದುಕೊಂಡರು. "ಕೈ ತೊಳಕೊಂಡು ಬರಬಾರದೇನಮ್ಮಾ?"

"ತೊಳದೀನ್ರಿ ಸರ್. ಇದು ಹೊಲಸಲ್ರಿ, ಟಮಾಟಿ ಎಲಿ ಬಣ್ಣ. ಒಂದು ಹಸಿ ಟಮಾಟಿ ಕೊಡ್ರಿ, ತಿಕ್ಕಿ ಈಗ ಬೆಳ್ಳಗ ಮಾಡಿ ತೋರಸ್ತೀನಿ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಗುಮಾಸ್ತರೂ ನಕ್ಕು ಕಾಗದವನ್ನು ಮುಂದಕ್ಕೆ ಸರಿಸಿದರು. ಅವಳು ನಿಧಾನವಾಗಿ, ಎಲ್ಲೂ ಒತ್ತದೆ, ಮೊಗ್ಗು ಸುಲಿಯುವ ಎಚ್ಚರದಲ್ಲಿ ಸಹಿ ಮಾಡಿದಳು. ಇಬ್ಬರ ಪ್ರವೇಶವನ್ನೂ ಮಂಜೂರು ಮಾಡಲಾಯಿತು.

ನಂತರ ಹಾಸ್ಟೆಲ್ ತೋರಿಸಿದರು. ಕೋಣೆಯಲ್ಲಿ ಕಿಟಕಿಯ ಪಕ್ಕ ಎರಡು ಕಬ್ಬಿಣದ ಕಾಟುಗಳು, ಅಂದರೆ ಮಂಚಗಳು, ಖಾಲಿ ಇದ್ದವು. ಸೋಮವಾರ ಬಂದು ಸೇರಿಕೊಳ್ಳಿ ಎಂದು ವಾರ್ಡನ್ ಹೇಳಿದರು. ಹೊರಡುವಾಗ ಹುಲಿಗೆಮ್ಮ ಚೀಲದಿಂದ ನೆಟ್‌ನಲ್ಲಿ ತಲೆಗೆ ಸುತ್ತುವ ಟವೆಲ್ ತೆಗೆದು, ಬಾಗಿಲಲ್ಲಿ ನಿಂತೇ, ಕಿಟಕಿಯ ಬದಿಯ ಕಾಟಿನ ಮೇಲೆ ಒಗೆದಳು. ಅದು ಸರಿಯಾಗಿ ನಡುವೆ ಹೋಗಿ ಬಿತ್ತು.

"ಏನಬೇ ಇದು?"

"ಬಸ್ಸಿನ ಕಿಡಕ್ಯಾಗ ಟವೆಲ್ ಒಗದ್ರ ಸೀಟು ಯಾರದು? ಒಗದವರದು. ಇದೂ ಹಂಗ. ಸೋಮವಾರತನಕ ಯಾರೂ ಕುಂದರಂಗಿಲ್ಲ."

ನಮ್ಮಪ್ಪ ಜೀವನದಲ್ಲಿ ಅಷ್ಟು ನಕ್ಕಿದ್ದನ್ನು ನಾನು ಮತ್ತೆ ಕಂಡಿಲ್ಲ.

ಊರಿಗೆ ಮರಳಿದಾಗ ಶಾಂತಕ್ಕ ನೆಟ್‌ನ ಗೇಟಿನಲ್ಲಿ ಹಸಿರು ಕೈ ಚಾಚಿಕೊಂಡು ಕಾಯುತ್ತಿದ್ದರು. ಮುಖ ಬಿಸಿಲಿಗೆ ಕೆಂಪಾಗಿತ್ತು. "ಬಾಳ ಹೂವು ಹಾಳಾಗಿಲ್ಲಮ್ಮಾ," ಎಂದರು. ಮಕ್ಕಳು ಮಾರ್ಕ್ಸು ಹೇಳುವ ದನಿಯಲ್ಲಿ. ಹುಲಿಗೆಮ್ಮ ಸಾಲಿನುದ್ದಕ್ಕೂ ನಡೆದು ಬಂದು, "ಪಾಸ್ ರೀ" ಎಂದಳು.

ಸೋಮವಾರದವರೆಗೆ ಕೆಲಸಕ್ಕೆ ಹೋಗಬೇಡ, ಇನ್ನು ತಾನೇ ನಿಲ್ಲುತ್ತೇನೆ ಎಂದು ಶಾಂತಕ್ಕ ಹೇಳಿದ್ದುಂಟು. ಅವಳು ಒಪ್ಪಲಿಲ್ಲ. ಆ ಸಾಲಿನ ಹಂಗಾಮಿನ ಕೊನೆಯ ಹೂವು ಭಾನುವಾರ ಬೆಳಿಗ್ಗೆಗೆ ಮುಗಿಯುವುದಿತ್ತು. "ಮುಗಿಸೇ ಹೋಗ್ತೀನ್ರಿ. ಅವ್ವನ್ನ ಯಾರೂ ಏನೂ ಅನ್ನಬಾರದು."

ಶನಿವಾರ ಮಧ್ಯಾಹ್ನದ ನಂತರ ನಡೆದ ಘಟನೆಯ ವಿವರ ಹೀಗಿದೆ. ಪಡುವಣದಲ್ಲಿ ಮೋಡ ಕಟ್ಟಿತು. ಗುಡುಗು ಕೇಳಿದೊಡನೆ ಸಂಗಪ್ಪಣ್ಣನವರು ಎಲ್ಲರನ್ನೂ ಹೊರಗೆ ಕರೆದರು. ಎಲ್ಲರೂ ಪಂಪಿನ ಮನೆಗೆ ಓಡಿದರು. ದುರುಗವ್ವ ತಿರುಗಿ ನಿಂತು ಮಗಳನ್ನು ಕೂಗಿದಳು. "ನಾಕ್ ಗಿಡ ಅದಾವಬೇ ಯವ್ವಾ, ಮುಗಿಸಿ ಬಂದೆ, ನೀ ನಡಿ," ಎಂದು ಒಳಗಿನಿಂದ ಉತ್ತರ ಬಂತು. ಮಳೆ ಇನ್ನೂ ಆರಂಭವಾಗಿರಲಿಲ್ಲ. ಸಿಡಿಲು ಮಾತ್ರ ಬಿತ್ತು.

ಇದಕ್ಕಿಂತ ಹೆಚ್ಚಿನ ವಿವರ ನನ್ನ ಬಳಿ ಇಲ್ಲ. ಇದ್ದರೂ ಬರೆಯಲಾರೆ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಶಾಂತಕ್ಕ ಬಂದರು. ದುರುಗವ್ವನ ಮನೆಯ ಮುಂದೆ ಊರೇ ನೆರೆದಿತ್ತು. ಮಳೆ ತೊಳೆದ ಆಕಾಶ ಅಂದು ಬಹಳ ಸ್ವಚ್ಛವಾಗಿತ್ತು. ಅದು ನನಗೆ ಸರಿ ಎನಿಸಲಿಲ್ಲ. ದುರುಗವ್ವ ಅಳುತ್ತಿರಲಿಲ್ಲ. ಮಗಳ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹಸಿ ಟೊಮೇಟೊ ಹೋಳಿನಿಂದ ಬೆರಳು ಬೆರಳು ತಿಕ್ಕುತ್ತಿದ್ದಳು. ಹಸಿರು ಬಿಡುತ್ತಿತ್ತು. ಶಾಂತಕ್ಕನನ್ನು ಕಂಡು ತಲೆ ಎತ್ತಿದಳು.

"ಆಕಿ ನಿನ್ನಿ ಬಿಡಿಸಿದ ಮೊಗ್ಗಿ ಹಂಗ ಅದಾವ್ರಿ," ಎಂದಳು. "ಹೊತ್ತ ಏರಾಕತ್ತೈತಿ."

"ಅವ್ವಾ, ಇವತ್ತ ಅದ್ಯಾಕ?"

"ನನ್ನ ಮಗಳನ್ನ ಸಾಲು ಬಿಟ್ಟಾಕಿ ಅನಿಸಬ್ಯಾಡ್ರಿ, ಅಕ್ಕಾರ. ನಿಮ್ಮ ಕಾಲಿಗೆ ಬೀಳ್ತೀನಿ."

ಶಾಂತಕ್ಕ ನನ್ನ ಕಡೆ ನೋಡಿದರು. ಇಬ್ಬರೂ ಹೊಲದ ದಾರಿ ಹಿಡಿದೆವು. ಅಂದು ಕೆಲಸವಿಲ್ಲವೆಂದು ಸಂಗಪ್ಪಣ್ಣನವರು ಗೇಟಿಗೆ ಹಗ್ಗ ಕಟ್ಟಿದ್ದರು. ನಮ್ಮನ್ನು ನೋಡಿ ಹಗ್ಗ ಬಿಚ್ಚಿದರು. ಹೂವಿನ ಪುಡಿಯನ್ನೂ ಉಂಗುರಗಳನ್ನೂ ತಾವೇ ತಂದುಕೊಟ್ಟು ದೂರ ಹೋಗಿ ನಿಂತರು.

ಯಾರೂ ಇಲ್ಲದ ನೆಟ್‌ನಲ್ಲಿ ಅವಳ ಸಾಲು ನಮಗೆ ಕೂಡಲೇ ಗುರುತು ಸಿಕ್ಕಿತು. ಸುಲಿದ ಮೊಗ್ಗುಗಳು ಗಿಡದ ತುಂಬ ಕಾಯುತ್ತಿದ್ದವು. ಒಂದಕ್ಕೂ ಗಾಯವಿರಲಿಲ್ಲ. ಶಾಂತಕ್ಕ ತೋರಿಸಿದಂತೆ ನಾನು ಉಂಗುರದ ಪುಡಿಯನ್ನು ಒಂದೊಂದಕ್ಕೂ ಮುಟ್ಟಿಸುತ್ತಾ ಹೋದೆ. ಅವರು ಹಿಂದಿನಿಂದ ಎರಡೆರಡು ಎಸಳು ಕತ್ತರಿಸುತ್ತಾ ಬಂದರು. ಕತ್ತರಿಯ ಸಣ್ಣ ಸದ್ದು, ಬಲೆಯಿಂದ ಹನಿಯುವ ನಿನ್ನೆಯ ಮಳೆ, ಮತ್ತು ಆ ವಾಸನೆ. ಹಲವು ಬಾರಿ ನನಗೆ ನಾವು ಮೂವರಿದ್ದೇವೆ ಎನಿಸಿತು. ಮುಂದಿನ ಗಿಡದ ಆಚೆ ಯಾರೋ ಬಗ್ಗಿ ನಿಂತು ಕೆಲಸ ಮಾಡುತ್ತಿದ್ದಾರೆ, ನಾವು ಅಲ್ಲಿಗೆ ತಲುಪುವಷ್ಟರಲ್ಲಿ ಅವರು ಇನ್ನೊಂದು ಗಿಡ ಮುಂದೆ ಹೋಗಿರುತ್ತಾರೆ. ಶಾಂತಕ್ಕ ಕೂಡ ಆಗಾಗ ತಲೆ ಎತ್ತಿ ಮುಂದಕ್ಕೆ ನೋಡುತ್ತಿದ್ದರು.

ಸಾಲಿನ ಕೊನೆಯ ಗಿಡಗಳಲ್ಲಿ ಸುಲಿದ ಮೊಗ್ಗು ಇರಲಿಲ್ಲ. ಅವು ಯಾರ ಕೈಯೂ ತಾಗದೆ ತಮ್ಮಷ್ಟಕ್ಕೆ ಅರಳಿ ಹಳದಿಯಾಗಿ ನಿಂತಿದ್ದವು. ಶಾಂತಕ್ಕ ಅವುಗಳ ಮುಂದೆ ನೆಲದ ಮೇಲೆ ಕುಳಿತುಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ನಾವು ಹುಡುಗಿಯರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಶಾಲೆಯ ಪಡಸಾಲೆಗೆ ಹೋದೆವು. ಶಾಂತಕ್ಕನೂ ಬಂದರು. ನಿಂತುಕೊಂಡೇ ಹಾಜರಿ ಕರೆದರು. ಅವಳ ಹೆಸರು ಬರುವಲ್ಲಿ ಅದು ಬಂತು.

"ಹುಲಿಗೆಮ್ಮಾ."

ಎಲ್ಲಿ ಅದಾಳ, ಯಾವಾಗ ಬರ್ತಾಳ ಎಂಬುದನ್ನು ಯಾರೂ ಹೇಳಲಿಲ್ಲ. ಬಂದಿಲ್ಲ ಎಂದೂ ಯಾರೂ ಹೇಳಲಿಲ್ಲ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಕಾದು ಶಾಂತಕ್ಕ ಮುಂದಿನ ಹೆಸರು ಕರೆದರು. ಮುಂದಿನ ಹೆಸರು ನನ್ನದಾಗಿತ್ತು.

ನಮ್ಮಪ್ಪ ಸಹಜವಾಗಿಯೇ ನನ್ನನ್ನು ಕಳಿಸುವ ಮಾತು ಬಿಟ್ಟರು. ನಾನೂ ಕೇಳಲಿಲ್ಲ. ಸೋಮವಾರ ಕಳೆಯಿತು, ಇನ್ನೊಂದು ಸೋಮವಾರವೂ ಕಳೆಯಿತು. ಆಗ ಒಂದು ಬೆಳಿಗ್ಗೆ ದುರುಗವ್ವ ನಮ್ಮ ಅಂಗಡಿಯ ಮೆಟ್ಟಿಲ ಬಳಿ ಬಂದು ನಿಂತಳು. ಅವಳು ಏನೂ ಕೊಳ್ಳಲಿಲ್ಲ.

"ಅಣ್ಣಾರ, ನನ್ನ ಮಗಳು ಅಲ್ಲೆಲ್ಲೋ ಕಾಟಿಗೆ ಟವೆಲ್ ಒಗದು ಬಂದಾಳಂತ. ಬಾಜೂಕಿನ ಕಾಟು ನಿಮ್ಮ ಮಗಳದಂತ. ಎರಡೂ ಖಾಲಿ ಯಾಕ ಬಿಡ್ತೀರಿ? ಒಂದಾದ್ರೂ ತುಂಬಲಿ."

ನಮ್ಮಪ್ಪ ತಕ್ಕಡಿಯನ್ನು ಕೆಳಗಿಟ್ಟು, ನನ್ನ ಪೆಟ್ಟಿಗೆ ಕಟ್ಟಲು ಹೇಳಿದರು. ನಾನು ಮರುದಿನ ಗಂಗಾವತಿಗೆ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಅಳಲಿಲ್ಲ.

ನನ್ನ ಕಾಟು ಇನ್ನೂ ಖಾಲಿ ಇತ್ತು, ಕೋಣೆಯ ಉಳಿದ ಕಾಟುಗಳು ತುಂಬಿದ್ದವು. ಕಿಟಕಿಯ ಬದಿಯ ಕಾಟಿನ ಮೇಲೆ ಟವೆಲ್ ಬಿದ್ದಲ್ಲೇ ಇತ್ತು. ಯಾರೂ ಅದನ್ನು ಸರಿಸಿರಲಿಲ್ಲ. ನಮ್ಮ ಕಡೆ ಟವೆಲ್ ಇದ್ದ ಸೀಟನ್ನು ಯಾರೂ ಮುಟ್ಟುವುದಿಲ್ಲ ಎಂಬುದನ್ನು ಅವಳು ಸರಿಯಾಗಿಯೇ ಹೇಳಿದ್ದಳು. ಕಿಟಕಿ ತೆರೆದಾಗ ಗಾಳಿಗೆ ಅದರ ವಾಸನೆ ನನ್ನ ಕಡೆ ಬರುತ್ತಿತ್ತು. ಕೆಲವು ದಿನಗಳ ನಂತರ ಸಿಂಧನೂರಿನ ಕಡೆಯ ಹುಡುಗಿಯೊಬ್ಬಳು ಪೆಟ್ಟಿಗೆ ಹೊತ್ತು ಬಂದು ಬಾಗಿಲಲ್ಲಿ ನಿಂತು ಕೇಳಿದಳು.

"ಇಲ್ಲಿ ಯಾರರ ಅದಾರೇನ್ರಿ?"

"ಅದಾರ್ರಿ," ಎಂದೆ.

ಆ ಹುಡುಗಿ ಬೇರೆ ಕೋಣೆಗೆ ಹೋದಳು. ಮತ್ತೆ ಯಾರಾದರೂ ಕೇಳಿದಾಗಲೂ ಅದೇ ಉತ್ತರವನ್ನು ನೀಡಿದೆ. ವಾರ್ಡನ್ ವಿಷಯ ತಿಳಿದವರಾಗಿದ್ದರು. ಆ ವರ್ಷದ ಮಟ್ಟಿಗೆ ಅವರು ಆ ಕಾಟನ್ನು ಹಾಗೆಯೇ ಬಿಟ್ಟರು. ವರ್ಷದ ಕೊನೆಗೆ ನಾನೇ ಟವೆಲನ್ನು ಮಡಚಿ ತಂದು ದುರುಗವ್ವನಿಗೆ ಒಪ್ಪಿಸಿದೆ. ಅವಳು ಅದನ್ನು ಮೂಗಿಗೆ ಹಿಡಿದು, "ಇನ್ನೂ ಐತಿ" ಎಂದಳು.

ಆ ಸಾಲಿನ ಹಣ್ಣುಗಳ ವಿಷಯವನ್ನೂ ತಿಳಿಸಬೇಕು. ಅವಳು ಕೂಡಿಸಿದ ಹೂವುಗಳೆಲ್ಲ ಕಾಯಿಯಾಗಿ, ಅವಳು ಹೋದ ಮೇಲೆ ಕೆಂಪಾದವು. ದುರುಗವ್ವ ಬೇರೆ ಯಾರಿಗೂ ಕೊಡದೆ ತಾನೇ ಬಿಡಿಸಿದಳಂತೆ. ಬೀಜ ತೊಳೆದು, ಒಣಗಿಸಿ, ಒಯ್ಯುವವರು ಒಯ್ದರು. ಅದು ಯಾವ ರಾಜ್ಯದ ಯಾವ ಹೊಲಕ್ಕೆ ಹೋಯಿತೆಂಬ ಮಾಹಿತಿ ನಮಗೆ ಲಭ್ಯವಿಲ್ಲ. ಯಲಬುರ್ಗಾದ ಸಂತೆಯಲ್ಲಿ ನಾನು ಇಂದಿಗೂ ಟೊಮೇಟೊ ಆರಿಸುವಾಗ ಪ್ರತಿ ಹಣ್ಣಿನ ತೊಟ್ಟನ್ನು ತಿರುಗಿಸಿ ನೋಡುತ್ತೇನೆ. ಸಂತೆಯ ಹಣ್ಣಿನಲ್ಲಿ ಎಸಳು ಕತ್ತರಿಸಿದ ಗುರುತು ಇರುವುದಿಲ್ಲವೆಂದು ನನಗೆ ತಿಳಿದಿದೆ. ಮಾರುವವಳು, "ಹುಳಾ ಇಲ್ರೀ ಮ್ಯಾಡಂ, ಎಷ್ಟ ನೋಡ್ತೀರಿ" ಎಂದು ಬೇಸರಪಡುತ್ತಾಳೆ.

ಇನ್ನೊಂದು ಸಂಗತಿ. ಮೊದಲ ವರ್ಷದಲ್ಲೇ ನಾನು ಸಸ್ಯಶಾಸ್ತ್ರದ ಉಪನ್ಯಾಸಕರ ಕೋಣೆಗೆ ಹೋಗಿ ಅವಳ ಪ್ರಶ್ನೆಯನ್ನು ಕೇಳಿದೆ. ನಾನು ಕಲಾ ವಿಭಾಗದವಳು ಎಂದು ತಿಳಿದೂ ಅವರು ಕಪ್ಪುಹಲಗೆಯ ಮೇಲೆ ಚೌಕಗಳನ್ನು ಬರೆದು ತಾಳ್ಮೆಯಿಂದ ವಿವರಿಸಿದರು. ಕೈಯಿಂದ ಕೂಡಿಸಿದ್ದು ಒಂದು ತಲೆಮಾರು ಮಾತ್ರ ಕೂಡಿಕೊಂಡಿರುತ್ತದೆ. ಆ ಹಣ್ಣಿನ ಬೀಜವನ್ನು ಮತ್ತೆ ಬಿತ್ತಿದರೆ, ಒಳಗೆ ಅಡಗಿದ್ದ ಹಿಂದಿನವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಉತ್ತರ ನನಗೆ ಅರ್ಥವಾಯಿತು. ಶಾಂತಕ್ಕನಿಗೂ ಹೇಳಿದೆ. ಕೇಳಿದವಳಿಗೆ ಮಾತ್ರ ಅದನ್ನು ತಲುಪಿಸುವ ವಿಳಾಸ ನನ್ನಲ್ಲಿಲ್ಲ.

ಶಾಂತಕ್ಕ ಮುಂದೆ ಬೇರೆ ಜಿಲ್ಲೆಗೆ ಉಪನ್ಯಾಸಕಿಯಾಗಿ ಹೋದರು. ಹೋಗುವ ಮುನ್ನ ಭಾನುವಾರದ ತರಗತಿಯನ್ನು ನನಗೆ ವಹಿಸಿಕೊಟ್ಟರು. "ಹೆಸರು ಬಿಡಬ್ಯಾಡ ಬಸಮ್ಮಾ," ಎಂದಷ್ಟೇ ಹೇಳಿದರು. ಯಾವ ಹೆಸರು ಎಂದು ನಾನು ಕೇಳಲಿಲ್ಲ. ಪ್ರತಿ ಭಾನುವಾರ ಹಾಜರಿಯಲ್ಲಿ ಆ ಹೆಸರನ್ನು ಕರೆಯುತ್ತೇನೆ, ಒಂದು ಉಸಿರು ಕಾಯುತ್ತೇನೆ, ಮುಂದುವರಿಯುತ್ತೇನೆ. ಹಳೆಯ ಹುಡುಗಿಯರಿಗೆ ವಿಷಯ ಗೊತ್ತಿತ್ತು. ಆ ಉಸಿರಿನ ಹೊತ್ತು ಅವರು ತಲೆ ತಗ್ಗಿಸುತ್ತಿದ್ದರು.

ಕಳೆದ ಭಾನುವಾರ, ಅಂದರೆ ಬಸ್ಸಿನಲ್ಲಿ ಆ ವಾಸನೆ ಬಂದ ಮರುದಿನ, ಹೊಸ ತಂಡದ ಮೊದಲ ತರಗತಿ ಇತ್ತು. ಹಳಬರು ಕಾಲೇಜುಗಳಿಗೆ ಹೋಗಿಯಾಗಿತ್ತು. ಪಡಸಾಲೆಯಲ್ಲಿ ಎಲ್ಲ ಹೊಸ ಮುಖಗಳು. ನಾನು ನಿಯಮವನ್ನು ವಿವರಿಸಿದೆ. ಬಂದಿಲ್ಲ ಎನ್ನುವ ಮಾತು ಇಲ್ಲ. ಎಲ್ಲಿ ಇದ್ದಾಳೆ, ಯಾವಾಗ ಬರುತ್ತಾಳೆ, ಅದನ್ನು ಹೇಳಬೇಕು. ದೂರದಲ್ಲೆಲ್ಲೋ ಗುಡುಗು ಉರುಳಿ ಹೋಯಿತು. ಹಾಜರಿ ಕರೆಯುತ್ತಾ ಬಂದೆ.

"ಹುಲಿಗೆಮ್ಮಾ."

ಉಸಿರೆಳೆದುಕೊಂಡೆ. ಅಷ್ಟರಲ್ಲಿ ಕಂಬದ ಪಕ್ಕ ಕುಳಿತಿದ್ದ ಸಣ್ಣ ಹುಡುಗಿಯೊಬ್ಬಳು ಅತ್ತಿತ್ತ ನೋಡಿ, ಯಾರೂ ಏಳದಿರುವುದನ್ನು ಕಂಡು, ತಾನೇ ಎದ್ದು ನಿಂತಳು. ನಮ್ಮ ಸೀಮೆಯಲ್ಲಿ ಹುಲಿಗೆಮ್ಮ ಎಂಬ ಹೆಸರಿನವರು ಮನೆಗೊಬ್ಬರಿದ್ದಾರೆ. ತನಗೆ ಗೊತ್ತಿರುವ ಯಾರೋ ಎಂದೇ ಅವಳು ಭಾವಿಸಿರಬೇಕು. ಅವಳ ಕೈಗಳು ಮುಂಗೈತನಕ ಹಸಿರಾಗಿದ್ದವು.

"ಕ್ರಾಸಿಂಗಿಗೆ ಹೋಗ್ಯಾಳ್ರಿ ಅಕ್ಕಾರ," ಎಂದಳು. "ಇನ್ನೊಂದೀಟು ಗಿಡ ಉಳದಾವಂತ. ಮುಗಿಸಿ ಬರ್ತಾಳ."

ಸದರಿ ಉತ್ತರವನ್ನು ಸ್ವೀಕರಿಸಿ, ಮುಂದಿನ ಹೆಸರನ್ನು ಕರೆದೆ.